ಬ್ರಿಟನ್‌ನಲ್ಲಿ ಟೂರಿಂಗ್ ಕ್ಯಾರವಾನ್: ಯಾವುದನ್ನು ಕೊಳ್ಳುವುದು, ಹೇಗೆ ಎಳೆಯುವುದು, ಯಾವುದಕ್ಕೆ ದುಡ್ಡು ಹಾಕುವುದು

ಬರ್ಮಿಂಗ್‌ಹ್ಯಾಮ್‌ನ ಎನ್‌ಇಸಿ ಪ್ರದರ್ಶನ ಕೇಂದ್ರದಲ್ಲಿ ವರ್ಷಕ್ಕೆರಡು ಸಲ, ಫೆಬ್ರವರಿಯಲ್ಲೊಮ್ಮೆ ಅಕ್ಟೋಬರಿನಲ್ಲೊಮ್ಮೆ, ಕಾರಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆಗಳ, ಅಂದರೆ ಕ್ಯಾರವಾನ್‌ಗಳ ಮೇಳ ನಡೆಯುತ್ತದೆ. ಅಲ್ಲಿಗೆ ಬಂದ ಸಂಸಾರಗಳನ್ನು ಗಮನಿಸಿ. ಒಬ್ಬರು ಒಲೆಗೆ ಎಷ್ಟು ಬರ್ನರ್ ಅಂತ ನೋಡುತ್ತಿರುತ್ತಾರೆ, ಮಕ್ಕಳು ಆಗಲೇ ಮೇಲಿನ ಬಂಕ್ ಹತ್ತಿ ಜಾಗ ಹಿಡಿದಿರುತ್ತಾರೆ, ಮತ್ತೊಬ್ಬರು ತಿಂಗಳ ಕಂತು ವಿಚಾರಿಸುತ್ತಿರುತ್ತಾರೆ. "ನಮ್ಮ ಕಾರು ಇದನ್ನ ಎಳೆಯುತ್ತಾ?" ಅನ್ನುವ ಮಾತು ಬರುವುದು ಮುಂಗಡ ಕೊಡುವ ಹೊತ್ತಿಗೆ. ಕ್ರಮ ಪೂರ್ತಿ ತಿರುಗುಮುರುಗು. ಮೊದಲು ಕಾರು, ಆಮೇಲೆ ತೂಕ, ಆಮೇಲೆ ಹಾಸಿಗೆ, ಕಡೆಗೆ ಬೆಲೆ. ಹೀಗೆ ಹೊರಟರೆ ಮೇಳದಲ್ಲಿರುವ ಕ್ಯಾರವಾನ್‌ಗಳಲ್ಲಿ ಮುಕ್ಕಾಲು ಪಾಲು ತಾವಾಗಿಯೇ ಪಟ್ಟಿಯಿಂದ ಬಿದ್ದುಹೋಗುತ್ತವೆ, ಆಯ್ಕೆಯೂ ಹಗುರವಾಗುತ್ತದೆ.

ಕಾರಿನ ಕಾಗದ ತೆಗೆಯಿರಿ

ಕಾರಿನ ನೋಂದಣಿ ಪತ್ರ, ಅಂದರೆ ವಿ5ಸಿ ಪುಸ್ತಕದಲ್ಲಿ 'ಜಿ' ಅನ್ನುವ ಕಾಲಂ ಇದೆ. ಅದು ಕಾರಿನ ಸ್ವಂತ ತೂಕ. ಹೊಸಬರು ಎಳೆಯುವ ಕ್ಯಾರವಾನ್, ತುಂಬಿದ ಸಾಮಾನೂ ಸೇರಿ, ಆ ತೂಕದ 85 ಶೇಕಡಾ ಮೀರಬಾರದು ಎಂದು ಇಲ್ಲಿನ ಎರಡೂ ದೊಡ್ಡ ಕ್ಯಾರವಾನ್ ಕ್ಲಬ್‌ಗಳು ಹೇಳುತ್ತವೆ. ಕಾರು 1,600 ಕೆಜಿ ಇದ್ದರೆ ಕ್ಯಾರವಾನ್ 1,360 ಕೆಜಿ. ಇದು ಕಾನೂನಲ್ಲ, ಬುದ್ಧಿಮಾತು. ಅನುಭವ ಆದವರು ನೂರರವರೆಗೂ ಹೋಗುತ್ತಾರೆ. ಆದರೆ ಕಾರಿಗಿಂತ ಭಾರದ ಕ್ಯಾರವಾನ್ ಹಿಂದೆ ಇದ್ದರೆ ಯಾರು ಯಾರನ್ನು ಕರೆದೊಯ್ಯುತ್ತಿದ್ದಾರೆ ಎಂಬುದು ಇಳಿಜಾರಿನಲ್ಲಿ ಗೊತ್ತಾಗುತ್ತದೆ.

ಕಾನೂನು ಇರುವುದು ಕಾರಿನ ವಿಐಎನ್ ಪ್ಲೇಟಿನಲ್ಲಿ. ಬಾಗಿಲ ಕಂಬದ ಹತ್ತಿರವೋ ಬಾನೆಟ್ ಕೆಳಗೋ ಅಂಟಿಸಿರುತ್ತಾರೆ. ನಾಲ್ಕು ಸಂಖ್ಯೆ ಇರುತ್ತವೆ. ಮೊದಲನೆಯದು ಪೂರ್ತಿ ತುಂಬಿದ ಕಾರಿನ ಗರಿಷ್ಠ ತೂಕ, ಎರಡನೆಯದು ಕಾರು-ಕ್ಯಾರವಾನ್ ಎರಡೂ ಸೇರಿ ಗರಿಷ್ಠ. ಎರಡನೆಯದರಲ್ಲಿ ಮೊದಲನೆಯದು ಕಳೆಯಿರಿ. ಉದಾಹರಣೆಗೆ 3,900ರಲ್ಲಿ 2,300 ಹೋದರೆ 1,600 ಕೆಜಿ. ಕಾರು ತುಂಬ ಜನ-ಸಾಮಾನು ಇದ್ದಾಗ ಎಳೆಯಬಹುದಾದದ್ದು ಅಷ್ಟೇ. ಎರಡನೇ ಸಂಖ್ಯೆಯೇ ಇಲ್ಲದಿದ್ದರೆ, ಅಥವಾ ಎರಡೂ ಒಂದೇ ಇದ್ದರೆ, ಆ ಕಾರಿಗೆ ಎಳೆಯುವ ಅನುಮತಿಯೇ ಇಲ್ಲ ಅಂತ ತಿಳಿಯಿರಿ. ಕೆಲವು ಹೈಬ್ರಿಡ್ ಕಾರುಗಳ ಕತೆ ಇದೇ.

ನಮ್ಮವರು ಹೆಚ್ಚಾಗಿ ಎಡವುವ ಜಾಗ ಬೇರೆ. ಕ್ಯಾರವಾನ್ ಓಡುವಾಗ ಒಳಗೆ ಯಾರೂ ಕೂರುವಂತಿಲ್ಲ. ಆರು ಜನ ಮಲಗುವ ಕ್ಯಾರವಾನ್ ಕೊಂಡರೆ ಆರು ಜನ ಕೂರುವ ಕಾರೂ ಬೇಕು. ಅಜ್ಜ-ಅಜ್ಜಿ ಊರಿಂದ ಬಂದಾಗ ಇಬ್ಬರು ಮಕ್ಕಳ ಜೊತೆ ಏಳು ಸೀಟಿನ ಕಾರಿನಲ್ಲಿ ಹೊರಟಿರಿ ಎಂದುಕೊಳ್ಳಿ. ಮೂರನೇ ಸಾಲಿನ ಸೀಟು ಎತ್ತಿದ ಮೇಲೆ ಡಿಕ್ಕಿಯಲ್ಲಿ ಜಾಗ ಉಳಿಯುವುದಿಲ್ಲ. ಸಾಮಾನೆಲ್ಲ ಕ್ಯಾರವಾನ್ ಒಳಗೆ ಹೋಗುತ್ತದೆ, ಅಲ್ಲಿನ ಮಿತಿ ಮೀರುತ್ತದೆ. ಹಾಗಾಗಿ 'ಎಷ್ಟು ಜನ ಮಲಗಬಹುದು' ಎನ್ನುವುದಕ್ಕಿಂತ 'ಎಷ್ಟು ಕೆಜಿ ತುಂಬಬಹುದು' ಎನ್ನುವುದು ದೊಡ್ಡ ಪ್ರಶ್ನೆ.

ಲೈಸೆನ್ಸಿನ ತಲೆನೋವು ಈಗಿಲ್ಲ. ಗ್ರೇಟ್ ಬ್ರಿಟನ್‌ನಲ್ಲಿ 2021ರ ಡಿಸೆಂಬರ್ 16ರಿಂದ ಮಾಮೂಲಿ ಕಾರಿನ ಲೈಸೆನ್ಸಿನಲ್ಲೇ 3,500 ಕೆಜಿವರೆಗಿನ ಟ್ರೇಲರ್ ಎಳೆಯಬಹುದು. 1997ರ ನಂತರ ಪಾಸಾದವರಿಗೆ ಮೊದಲು ಬೇರೆ ಪರೀಕ್ಷೆ ಇತ್ತು. ಪರೀಕ್ಷೆ ಹೋಯಿತೆಂದು ಕಲಿಯುವುದನ್ನೂ ಬಿಡಬೇಡಿ. ಕ್ಲಬ್‌ಗಳು ನಡೆಸುವ ತರಬೇತಿಗೆ ಒಂದು ದಿನ ಕೊಟ್ಟರೆ ರಿವರ್ಸ್ ಭಯ ಅಲ್ಲಿಗೇ ಮುಗಿಯುತ್ತದೆ.

ಎಲೆಕ್ಟ್ರಿಕ್ ಕಾರಿನವರಿಗೆ ಎರಡು ಮಾತು. ಹುಂಡೈ ಅಯೋನಿಕ್ 5ರ ದೊಡ್ಡ ಬ್ಯಾಟರಿಯ ಮಾದರಿ, ಟೆಸ್ಲಾ ಮಾಡೆಲ್ ವೈ ಇವು 1,600 ಕೆಜಿವರೆಗೆ ಎಳೆಯುತ್ತವೆ, ಬಲಕ್ಕೇನೂ ಕೊರತೆಯಿಲ್ಲ. ಒಂದು ಚಾರ್ಜಿಗೆ ಹೋಗುವ ದೂರ ಮಾತ್ರ ಹೆಚ್ಚುಕಮ್ಮಿ ಅರ್ಧಕ್ಕಿಳಿಯುತ್ತದೆ. ಬಹಳ ಕಡೆ ಚಾರ್ಜರ್ ಮುಂದೆ ಕ್ಯಾರವಾನ್ ಕಳಚದೆ ನಿಲ್ಲುವುದಕ್ಕೆ ಜಾಗವೂ ಇರುವುದಿಲ್ಲ. ಮನೆಯಿಂದ ನೂರು ಮೈಲಿಯೊಳಗೆ ಸುತ್ತುವವರಿಗೆ ಸರಿ. ಪ್ರತಿ ಬೇಸಿಗೆ ಸ್ಕಾಟ್ಲೆಂಡಿಗೇ ಹೋಗಬೇಕೆನ್ನುವವರಿಗೆ ಇವತ್ತಿಗೂ ಡೀಸೆಲ್ ಎಸ್‌ಯುವಿಯೇ ನೆಮ್ಮದಿ.

ಸಾಮಾನಿನ ಲೆಕ್ಕ

ಕ್ಯಾರವಾನ್ ಬಾಗಿಲ ಪಕ್ಕ ಒಂದು ಚೀಟಿ ಇರುತ್ತದೆ. ಎಂಟಿಪಿಎಲ್‌ಎಂ ಎಂದರೆ ತುಂಬಿದ ಮೇಲೆ ಮೀರಬಾರದ ತೂಕ. ಮೈರೊ ಎಂದರೆ ಫ್ಯಾಕ್ಟರಿಯಿಂದ ಬಂದಾಗಿನ ತೂಕ. ವ್ಯತ್ಯಾಸವೇ ನಿಮ್ಮ ಪೇಲೋಡ್. 1,500ರಲ್ಲಿ 1,340 ಹೋಗಿ 160 ಕೆಜಿ ಉಳಿಯಿತು ಎಂದರೆ ಬೇಕಾದಷ್ಟಾಯಿತು ಅನ್ನಿಸುತ್ತದೆ. ತುಂಬಲು ಶುರುಮಾಡಿ ನೋಡಿ. ರಿಮೋಟಿನಿಂದ ಕ್ಯಾರವಾನ್ ಸರಿಸುವ ಮೋಟರ್ ಮೂವರ್ ಹಾಕಿಸಿದರೆ ಸುಮಾರು 30 ಕೆಜಿ, ಸೀಸದ ಬ್ಯಾಟರಿ 25, ಪಕ್ಕದ ಟೆಂಟು, ಅಂದರೆ ಆನಿಂಗ್, ಇನ್ನೊಂದು 20-25. ಅರ್ಧ ಮುಗಿಯಿತು, ಇನ್ನೂ ಒಂದು ಬೆಡ್‌ಶೀಟ್ ಇಟ್ಟಿಲ್ಲ. ಆರು ಜನರ ಬಟ್ಟೆ, ಹೊದಿಕೆ, ಕುರ್ಚಿ-ಮೇಜು, ಕುಕ್ಕರ್, ಹತ್ತು ಕೆಜಿ ಸೋನಾ ಮಸೂರಿ ಚೀಲ... ಚೀಲ ಬಿಚ್ಚಿ ಬೇಕಾದಷ್ಟು ಅಳೆದುಕೊಂಡು ಹೊರಡಿ. ಟೇಬಲ್ ಟಾಪ್ ಗ್ರೈಂಡರ್ ಅಂತೂ ಬೇಡವೇ ಬೇಡ. ಹಿಟ್ಟು ಮನೆಯಲ್ಲೇ ರುಬ್ಬಿ ಡಬ್ಬಿಗೆ ಹಾಕಿಕೊಳ್ಳಿ.

ನೀರು ತುಂಬಿಕೊಂಡು ಓಡಬೇಡಿ. ಕ್ಯಾರವಾನ್ ನಿಲ್ಲಿಸಿ ತಂಗುವ ಸೈಟಿನಲ್ಲಿ 40 ಲೀಟರಿನ ಉರುಳುವ ಪೀಪಾಯಿ ಹೊರಗೆ ಇಟ್ಟರೆ ಪಂಪು ಎಳೆದುಕೊಳ್ಳುತ್ತದೆ. ಪೇಲೋಡ್ ಸಾಲದಿದ್ದರೆ ಕೆಲವು ಮಾದರಿಗಳಿಗೆ ಕಂಪನಿಯವರೇ ಶುಲ್ಕ ತೆಗೆದುಕೊಂಡು ಹೆಚ್ಚಿನ ತೂಕದ ಹೊಸ ಪ್ಲೇಟ್ ಕೊಡುತ್ತಾರೆ. ಕೊಳ್ಳುವ ಮೊದಲೇ ಕೇಳಿ.

ಯಾವ ಬಗೆ?

ಇಬ್ಬರೇ ಇದ್ದು ಸಾಧಾರಣ ಕಾರಿದ್ದರೆ ಜರ್ಮನಿಯ ಎರಿಬಾ ಟೂರಿಂಗ್ ತರಹದ, ಚಾವಣಿ ಮೇಲೇಳುವ ಕ್ಯಾರವಾನ್ ನೋಡಿ. ಓಡುವಾಗ ಚಾವಣಿ ಇಳಿದಿರುವುದರಿಂದ ಗಾಳಿಯ ತಡೆ ಕಡಿಮೆ, ಚಿಕ್ಕ ಮಾದರಿಗಳು ಸಾವಿರ ಕೆಜಿಯ ಆಸುಪಾಸು. ಜಾಗ ಇಕ್ಕಟ್ಟು, ಗಾತ್ರಕ್ಕೆ ಹೋಲಿಸಿದರೆ ಬೆಲೆ ಜಾಸ್ತಿ, ಆದರೆ ಹಳೆಯದಾದರೂ ಬೆಲೆ ಅಷ್ಟಾಗಿ ಇಳಿಯುವುದಿಲ್ಲ. ಅದೇ ಇಬ್ಬರಿಗೆ ಬ್ರಿಟಿಷ್ ಟೂ-ಬರ್ತ್ ಬೇರೆಯೇ ಅನುಭವ. ಹಿಂಬದಿ ಅಗಲಕ್ಕೂ ಬಚ್ಚಲು, ಮುಂದೆ ಎದುರುಬದುರು ಎರಡು ಸೋಫಾ, ಮೂರು ಕಡೆ ಕಿಟಕಿ. ನನ್ನ ಮಟ್ಟಿಗೆ ಇಬ್ಬರಿಗೆ ಇದಕ್ಕಿಂತ ಒಳ್ಳೆಯ ವಿನ್ಯಾಸ ಇನ್ನೂ ಬಂದಿಲ್ಲ.

ಸಂಸಾರದವರಿಗೆ ಹಾಸಿಗೆಯ ಜಗಳ ಶುರು. ಗೋಡೆ ಮೂಲೆಗೆ ಒತ್ತಿದ ಫ್ರೆಂಚ್ ಬೆಡ್ ಜಾಗ ಉಳಿಸುತ್ತದೆ, ಆದರೆ ಒಳಗೆ ಮಲಗಿದವರು ರಾತ್ರಿ ಎದ್ದರೆ ಹೊರಗಿನವರೂ ಏಳಬೇಕು. ಐಲ್ಯಾಂಡ್ ಬೆಡ್‌ಗೆ ಎರಡೂ ಕಡೆಯಿಂದ ಇಳಿಯಬಹುದು, ಅದಕ್ಕೆ ತೆರುವ ಬೆಲೆ ಉದ್ದ ಮತ್ತು ತೂಕ. ಮಕ್ಕಳಿಗೆ ಹಿಂದೆ ಖಾಯಂ ಬಂಕ್ ಇರುವ ಕ್ಯಾರವಾನ್ ತೂಕದ ದೃಷ್ಟಿಯಿಂದ ಲಾಭ. ಮಳೆ ಬಂದ ಮಧ್ಯಾಹ್ನ ಅವರ ಲೋಕ ಅವರಿಗೆ. ಬಂಕ್‌ಗೂ ತೂಕದ ಮಿತಿ ಇರುತ್ತದೆ, ಎತ್ತರಕ್ಕೆ ಬೆಳೆದ ಹುಡುಗನನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಚೀಟಿ ಓದಿ. ದೊಡ್ಡವರು ಮಾತ್ರ ದಿನಾ ರಾತ್ರಿ ಸೋಫಾ ಎಳೆದು ಹಾಸಿಗೆ ಮಾಡಬೇಕು, ಬೆಳಿಗ್ಗೆ ಮಡಚಬೇಕು. ವಾರಾಂತ್ಯಕ್ಕೆ ಪರವಾಗಿಲ್ಲ, ಎರಡು ವಾರ ಆದರೆ ಬೇಸರ ಹಿಡಿಯುತ್ತದೆ.

ವರ್ಷಕ್ಕೊಮ್ಮೆ ಅಪ್ಪ-ಅಮ್ಮ ಬರುವ ಮನೆಯವರು ಬಚ್ಚಲು ನಡುವೆ ಇರುವ ವಿನ್ಯಾಸವನ್ನು ಮೊದಲು ನೋಡಿ. ಹಿಂದೆ ಐಲ್ಯಾಂಡ್ ಬೆಡ್, ಮಧ್ಯೆ ಶೌಚ-ಸ್ನಾನ, ನಡುವೆ ಬಾಗಿಲು, ಮುಂದೆ ಮಕ್ಕಳು. ಮಂಡಿನೋವಿನ ಅತ್ತೆಯವರು ರಾತ್ರಿ ಎರಡು ಗಂಟೆಗೆ ಯಾರನ್ನೂ ದಾಟದೆ ಹೋಗಿಬರಬಹುದು. ಶೋರೂಮಿನಲ್ಲಿ ಹಾಗೇ ಒಂದು ಸಲ ಅಭಿನಯಿಸಿ ನೋಡಿ: ದೀಪವಿಲ್ಲದೆ ಹಾಸಿಗೆಯಿಂದ ಎದ್ದು, ಬಚ್ಚಲ ಬಾಗಿಲು ತೆರೆದು, ಒಳಗೆ ತಿರುಗಿ ಕೂರಲು ಮೊಣಕಾಲಿಗೆ ಜಾಗ ಇದೆಯೇ, ಎದ್ದೇಳುವಾಗ ಹಿಡಿದುಕೊಳ್ಳಲು ಏನಾದರೂ ಇದೆಯೇ. ಹೊರಬಾಗಿಲ ಮೆಟ್ಟಿಲೂ ಎತ್ತರ. ಕೈಹಿಡಿ ಇರುವ ಎರಡು ಹಂತದ ಸ್ಟೂಲು ಬೇಕೇ ಬೇಕು. ಆರು ಜನ ಎರಡು ರಾತ್ರಿಗಿಂತ ಹೆಚ್ಚು ಇರುವುದಾದರೆ ಯಾವ ವಿನ್ಯಾಸವೂ ಸಾಲದು. ಆನಿಂಗ್ ಒಳಗೆ ಮಲಗುವ ಟೆಂಟು ಹಾಕಿ ಗಂಡಸರು ಹೊರಗೆ ಹೋಗುವುದು ಒಳ್ಳೆಯದು.

ಒಂದು ಆಕ್ಸಲೋ (ಚಕ್ರಗಳ ಅಚ್ಚು) ಎರಡೋ? ಎರಡು ಆಕ್ಸಲಿನದು ರಸ್ತೆಯಲ್ಲಿ ಗಟ್ಟಿಯಾಗಿ ಕೂರುತ್ತದೆ, ಒಂದು ಟೈರ್ ಸಿಡಿದರೂ ಬುಡಮೇಲಾಗುವ ಭಯ ಕಡಿಮೆ. ಸೈಟಿನಲ್ಲಿ ಮಾತ್ರ ಕೈಯಲ್ಲಿ ತಳ್ಳಿ ತಿರುಗಿಸುವ ಮಾತೇ ಇಲ್ಲ. ಕೆಲವು ಸೈಟ್‌ಗಳು ಇವನ್ನು ಒಳಗೇ ಬಿಡುವುದಿಲ್ಲ. 1,400 ಕೆಜಿ ಒಳಗೆ ನಿಮ್ಮ ಅಗತ್ಯ ಮುಗಿಯುವುದಾದರೆ ಆ ಕಡೆ ತಲೆಹಾಕಬೇಡಿ.

ಬ್ರಿಟಿಷ್ ಮೇಲೋ ಯುರೋಪಿನದು ಮೇಲೋ ಎಂಬ ವಾದ ಮುಗಿಯುವಂಥದ್ದಲ್ಲ. ಸ್ವಿಫ್ಟ್, ಕೋಚ್‌ಮನ್ ತಯಾರಾಗುವುದು ಹಲ್ ಊರಿನ ಕಡೆ, ಬೇಲಿ ಬ್ರಿಸ್ಟಲ್‌ನಲ್ಲಿ. ಇವುಗಳ ಬಿಡಿಭಾಗ ಇಲ್ಲಿ ಸುಲಭವಾಗಿ ಸಿಗುತ್ತದೆ, ಬಾಗಿಲು ಎಡಕ್ಕೆ, ಫುಟ್‌ಪಾತಿನ ಕಡೆ ತೆರೆಯುತ್ತದೆ. ಯುರೋಪಿಗೆಂದೇ ಮಾಡಿದ ಹಾಬಿ, ಫೆಂಟ್ ಮುಂತಾದವನ್ನು ಅಲ್ಲಿಂದ ತರಿಸಿದರೆ ಬಾಗಿಲು ರಸ್ತೆಯ ಕಡೆ ಬರುತ್ತದೆ. ಅವುಗಳಲ್ಲಿ ಓವನ್ ಇಲ್ಲ ಎಂದು ಇಲ್ಲಿನವರು ಮೂಗು ಮುರಿಯುತ್ತಾರೆ. ನಮಗೇನು, ನಮ್ಮ ಮನೆಗಳಲ್ಲಿ ಆ ಓವನ್ ಬಾಣಲೆ ಇಡುವ ಕಪಾಟು.

ಹೊಸದು, ಹಳೆಯದು, ತೇವ

ಮೊದಲ ಕ್ಯಾರವಾನ್ ಹಳೆಯದೇ ಇರಲಿ. ನಿಮಗೆ ಬೇಕಾದ ಹಾಸಿಗೆ ಯಾವುದೆಂದು ಎರಡು ಬೇಸಿಗೆ ಮಲಗಿದ ಮೇಲೆಯೇ ತಿಳಿಯುವುದು, ಅಷ್ಟರಲ್ಲಿ ಹೊಸದರ ಬೆಲೆ ಚೆನ್ನಾಗಿ ಇಳಿದಿರುತ್ತದೆ. ಆದರೆ ಹಳೆಯದನ್ನು ಕೊಳ್ಳುವವರು ಹೆದರಬೇಕಾದದ್ದು ಒಂದಕ್ಕೇ, ನೀರಿಗೆ. ಎಂಜಿನ್ ಇಲ್ಲ, ಗೇರ್‌ಬಾಕ್ಸ್ ಇಲ್ಲ, ಕಾರಿಗೆ ವರ್ಷವರ್ಷ ಮಾಡಿಸುವ ಎಂಒಟಿ ಪರೀಕ್ಷೆಯೂ ಇಲ್ಲ. ಕ್ಯಾರವಾನ್ ಸಾಯುವುದು ಜೋಡಣೆಯ ಸಂದಿನಿಂದ ಇಳಿದ ಮಳೆಯಿಂದ.

ಬಿಸಿಲಿನ ದಿನ ನೋಡಲು ಹೋಗಬೇಡಿ. ಎರಡು ದಿನ ಮಳೆ ಸುರಿದ ಮೇಲೆ ಹೋಗಿ. ಬಾಗಿಲು ತೆರೆದ ತಕ್ಷಣ ಮೂಗು ಏನು ಹೇಳುತ್ತದೆ ಕೇಳಿ. ಏರ್ ಫ್ರೆಶನರ್ ಘಮಘಮಿಸುತ್ತಿದ್ದರೆ ಇನ್ನೂ ಎಚ್ಚರ. ಸೋಫಾ ದಿಂಬು ತೆಗೆದು ಮುಂಭಾಗದ ಮೂಲೆಗಳನ್ನು, ಕಿಟಕಿಗಳ ಕೆಳ ಅಂಚನ್ನು, ಮೇಲಿನ ಕಪಾಟಿನ ಹಿಂಬದಿಯನ್ನು ಹೆಬ್ಬೆರಳಿನಿಂದ ಒತ್ತುತ್ತಾ ಬನ್ನಿ. ಗೋಡೆ ಹಪ್ಪಳದಂತೆ ಗಟ್ಟಿ ಇರಬೇಕು. ಬೆರಳು ಒಳಗೆ ಇಳಿದರೆ, ಕಾಗದ ಸುಕ್ಕುಗಟ್ಟಿದ್ದರೆ, ಕಪ್ಪು ಚುಕ್ಕೆ ಕಂಡರೆ ಹಿಂದಿನ ಮರ ಕೊಳೆತಿರಬಹುದು. ತೇವ ಅಳೆಯುವ ಮೀಟರ್ ಇದ್ದರೆ 15 ಶೇಕಡಾ ಒಳಗಿದ್ದರೆ ನಿಶ್ಚಿಂತೆ, 15ರಿಂದ 20 ಬಂದರೆ ಕಣ್ಣಿಡಬೇಕು, 20 ದಾಟಿದರೆ ರಿಪೇರಿ, 30 ದಾಟಿದರೆ ನಮಸ್ಕಾರ ಹೇಳಿ ಹೊರಟುಬಿಡಿ. ನೆಲವನ್ನೂ ಬರಿಗಾಲಿನಲ್ಲಿ ನಡೆದು ನೋಡಿ. ಬಾಗಿಲು ಮತ್ತು ಒಲೆಯ ಮುಂದೆ, ಹೆಚ್ಚು ಓಡಾಡುವ ಕಡೆ, ಸ್ಪಂಜಿನಂತೆ ಕುಸಿದರೆ ನೆಲದ ಪದರಗಳು ಬಿಟ್ಟುಕೊಂಡಿವೆ ಎಂದರ್ಥ. ಅದನ್ನು ಅಂಟು ತುಂಬಿ ಸರಿಮಾಡುತ್ತಾರೆ, ಆ ಲೆಕ್ಕದಲ್ಲಿ ಚೌಕಾಸಿ ಮಾಡಿ.

ಟೈರ್ ನುಣುಪಾಗಿರುವುದಿಲ್ಲ, ಹೊಸದರಂತೆಯೇ ಕಾಣುತ್ತದೆ. ನಂಬಬೇಡಿ. ಪಕ್ಕದಲ್ಲಿ ನಾಲ್ಕಂಕಿ ಇರುತ್ತದೆ. 2319 ಎಂದರೆ 2019ರ 23ನೇ ವಾರ. ಐದು ವರ್ಷಕ್ಕೆ ಬದಲಿಸುವುದು ಒಳ್ಳೆಯದು, ಏಳು ದಾಟಿಸಲೇಬಾರದು. ಕದ್ದ ಮಾಲಲ್ಲ ಎಂದು ಖಚಿತಪಡಿಸಿಕೊಳ್ಳಲು ಕ್ಯಾರವಾನ್‌ಗಳ ದಾಖಲೆ ಇಡುವ ಕ್ರಿಸ್ ನೋಂದಣಿಯಲ್ಲಿ ವಿಚಾರಿಸಿ. ಚಾಸಿಯ ಮತ್ತು ಕಿಟಕಿ ಗಾಜಿನ ಮೇಲಿನ ಸಂಖ್ಯೆ ಕಾಗದಕ್ಕೆ ಹೊಂದಬೇಕು. ಮಾರುವವರ ಮನೆಗೇ ಹೋಗಿ ನೋಡಿ, ಸರ್ವಿಸ್ ಸ್ಟೇಷನ್ನಿನ ಪಾರ್ಕಿಂಗಿನಲ್ಲಿ ವ್ಯವಹಾರ ಬೇಡ.

ರಸ್ತೆಯಲ್ಲಿ

ಕ್ಯಾರವಾನ್ ಹಾವಿನಂತೆ ಓಲಾಡಲು ಶುರುವಾದರೆ ಅದರ ಮೂಲ ಹೆಚ್ಚಾಗಿ ಹೊರಡುವ ಮೊದಲು ಸಾಮಾನು ತುಂಬಿದ ರೀತಿಯಲ್ಲಿರುತ್ತದೆ. ಭಾರದ್ದೆಲ್ಲ ಆಕ್ಸಲ್ ಮೇಲೆ, ನೆಲಕ್ಕೆ ಹತ್ತಿರ. ಮೇಲಿನ ಕಪಾಟಿನಲ್ಲಿ ಬಟ್ಟೆ, ಬ್ರೆಡ್ಡು ಬಿಟ್ಟು ಬೇರೇನೂ ಬೇಡ. ತೀರಾ ಹಿಂದಿನ ತುದಿಯಲ್ಲಿ ಭಾರ ಇಡಲೇಬೇಡಿ. ಕಾರಿಗೆ ಸಿಕ್ಕಿಸುವ ಕೊಂಡಿ, ಅಂದರೆ ಹಿಚ್ ಮೇಲೆ ಕೆಳಮುಖವಾಗಿ ಬೀಳುವ ನೋಸ್‌ವೇಟ್ ಕ್ಯಾರವಾನ್ ತೂಕದ 5ರಿಂದ 7 ಶೇಕಡಾ ಇರಬೇಕು. 1,400 ಕೆಜಿಗೆ 70ರಿಂದ 98 ಕೆಜಿ. ಆದರೆ ನಿಮ್ಮ ಕಾರಿನ ಟೋಬಾಲ್ (ಹಿಚ್ ಕೂರುವ ಗುಂಡು) ಮಿತಿ 75 ಎಂದಿದ್ದರೆ 75ಕ್ಕೇ ನಿಲ್ಲಬೇಕು. ಕಾರು ಆರಿಸುವಾಗಲೇ ಈ ಮಿತಿ ನೋಡುವವರು ಬಹಳ ಕಡಿಮೆ. ಅಳೆಯಲು ಮನೆಯ ತೂಕದ ಯಂತ್ರವೇ ಸಾಕು. ಅದರ ಮೇಲೆ ಸರಿಯಾದ ಎತ್ತರದ ಮರದ ತುಂಡು ನಿಲ್ಲಿಸಿ, ಹಿಚ್ ಅದರ ಮೇಲೆ ಕೂರುವಂತೆ ಕ್ಯಾರವಾನ್ ಮುಂದಿನ ಪುಟ್ಟ ಚಕ್ರ, ಅಂದರೆ ಜಾಕಿ ವೀಲ್ ಮೇಲೆತ್ತಿ.

ಸ್ಟೆಬಿಲೈಸರ್ ಎರಡು ಬಗೆ. ಅಲ್ಕೊ, ವಿಂಟರ್‌ಹಾಫ್ ಕಂಪನಿಯ ಹಿಚ್‌ಗಳಲ್ಲಿ ಘರ್ಷಣೆಯ ಪ್ಯಾಡ್‌ಗಳು ಟೋಬಾಲನ್ನು ಬಿಗಿಯಾಗಿ ಹಿಡಿದು ಓಲಾಟ ಹುಟ್ಟದಂತೆ ನೋಡಿಕೊಳ್ಳುತ್ತವೆ. ಇದಕ್ಕೆ ಗ್ರೀಸ್ ಇಲ್ಲದ, ಪೇಂಟ್ ಇಲ್ಲದ ಬಾಲ್ ಬೇಕು. ಅಲ್ಕೊದ ಎಟಿಸಿ ಬೇರೆ. ಅದು ಓಲಾಟವನ್ನು ಗುರುತಿಸಿ ಕ್ಯಾರವಾನ್ ಬ್ರೇಕನ್ನು ತಾನೇ ಹಾಕುತ್ತದೆ. ಒಂದು ತಡೆಯುವುದು, ಇನ್ನೊಂದು ಉಳಿಸುವುದು. ಒಂದನ್ನೇ ಕೊಳ್ಳುವುದಾದರೆ ಘರ್ಷಣೆಯದು ಹೇಗೂ ಬಹುತೇಕ ಕ್ಯಾರವಾನ್‌ಗಳಲ್ಲಿ ಇದ್ದೇ ಇರುತ್ತದೆ, ದುಡ್ಡಿದ್ದರೆ ಎಟಿಸಿ ಸೇರಿಸಿ. ಆದರೆ ತಪ್ಪಾಗಿ ತುಂಬಿದ್ದನ್ನು ಎರಡೂ ಸರಿಮಾಡುವುದಿಲ್ಲ. ಓಲಾಟ ಶುರುವಾದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಸ್ಟಿಯರಿಂಗ್ ಸುಮ್ಮನೆ ಹಿಡಿದಿರಿ. ಬ್ರೇಕ್ ಒತ್ತಬೇಡಿ, ವೇಗ ಹೆಚ್ಚಿಸಿ ನೇರ ಮಾಡುತ್ತೇನೆ ಎನ್ನಬೇಡಿ.

ಮೋಟರ್‌ವೇ, ಡ್ಯುಯಲ್ ಕ್ಯಾರೇಜ್‌ವೇಯಲ್ಲಿ ಗಂಟೆಗೆ 60 ಮೈಲಿ, ಸಿಂಗಲ್ ರಸ್ತೆಯಲ್ಲಿ 50. ಮೂರು ಲೇನಿನ ಮೋಟರ್‌ವೇಯಲ್ಲಿ ಬಲತುದಿಯ ಲೇನಿಗೆ ಹೋಗುವಂತಿಲ್ಲ. ಕ್ಯಾರವಾನ್ ಕಾರಿಗಿಂತ ಅಗಲವಿದ್ದರೆ ಹೆಚ್ಚುವರಿ ಕನ್ನಡಿ ಬೇಕು, ಇಲ್ಲದಿದ್ದರೆ 1,000 ಪೌಂಡ್‌ವರೆಗೆ ದಂಡ, ಲೈಸೆನ್ಸಿಗೆ 3 ಪಾಯಿಂಟ್. ಹಿಂದೆ ಕಾರಿನದೇ ನಂಬರ್ ಪ್ಲೇಟ್, ಕ್ಯಾರವಾನ್ ಕಳಚಿಕೊಂಡರೆ ಅದರ ಬ್ರೇಕ್ ಹಾಕುವ ಬ್ರೇಕ್‌ಅವೇ ಕೇಬಲ್ ಸಿಕ್ಕಿಸಿರಬೇಕು.

ಸ್ಯಾಟ್‌ನ್ಯಾವ್ ಹೇಳಿದ ದಾರಿಯಲ್ಲೇ ಹೋಗಬೇಡಿ. ಯಾರ್ಕ್‌ಷೈರಿನ ಎ170ರಲ್ಲಿರುವ ಸಟನ್ ಬ್ಯಾಂಕ್ ಏರಿನಲ್ಲಿ ಕ್ಯಾರವಾನ್‌ಗಳಿಗೆ ನಿಷೇಧವೇ ಇದೆ. ಸಾಮರ್‌ಸೆಟ್ಟಿನ ಪೊರ್ಲಾಕ್ ಹಿಲ್‌ನದೂ ನಾಲ್ಕಕ್ಕೊಂದರ ಏರು, ಸುತ್ತು ದಾರಿ ಹಿಡಿಯಿರಿ. ಲೇಕ್ ಡಿಸ್ಟ್ರಿಕ್ಟಿನ ಹಾರ್ಡ್‌ನಾಟ್ ಪಾಸ್ ಮೂರಕ್ಕೊಂದು. ಆಗುಂಬೆ ಘಾಟಿಯಲ್ಲಿ ಕಾರು ಓಡಿಸಿದ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಅಲ್ಲಿ ಹಿಂದೆ ಏನೂ ಕಟ್ಟಿರಲಿಲ್ಲ.

ರಿವರ್ಸಿಗೆ ಒಂದೇ ಉಪಾಯ: ಸ್ಟಿಯರಿಂಗಿನ ಕೆಳಭಾಗ ಹಿಡಿಯಿರಿ, ಕ್ಯಾರವಾನ್ ಹಿಂಭಾಗ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆ ಸರಿಸಿ. ನಿಧಾನ, ಸ್ವಲ್ಪ ಸ್ವಲ್ಪ.

ಸುಧಾರಣೆ: ಯಾವುದು ಮೊದಲು

ಮನೆ ಮುಂದಿನ ಜಾಗ ಇಳಿಜಾರೋ ಇಕ್ಕಟ್ಟೋ ಆಗಿದ್ದರೆ ಮೊದಲ ದುಡ್ಡು ಮೋಟರ್ ಮೂವರ್‌ಗೆ. ರಿಮೋಟ್ ಒತ್ತಿದರೆ ಕ್ಯಾರವಾನ್ ತಾನೇ ಸರಿಯುತ್ತದೆ. ಸಮತಟ್ಟು ಜಾಗ ಇದ್ದವರು ಆ 30 ಕೆಜಿಯನ್ನು ಅಕ್ಕಿ-ಬೇಳೆಗೆ ಉಳಿಸಿಕೊಳ್ಳಿ.

ಬ್ಯಾಟರಿಯಲ್ಲಿ ಸೀಸದ್ದು ಅಗ್ಗ, ಆದರೆ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಹಾಳು. ನೂರು ಆಂಪಿಯರ್-ಅವರ್ ಲಿಥಿಯಂ ಹನ್ನೆರಡು ಕೆಜಿ ಆಸುಪಾಸು, ಅಂದರೆ ಅರ್ಧ ತೂಕ, ಬಳಸಬಹುದಾದ ಶಕ್ತಿ ಹೆಚ್ಚುಕಮ್ಮಿ ದುಪ್ಪಟ್ಟು. ಹಳೆಯ ಕ್ಯಾರವಾನ್‌ನ ಚಾರ್ಜರ್ ಅದಕ್ಕೆ ಹೊಂದುತ್ತದೆಯೇ ಎಂದು ಮೊದಲು ನೋಡಬೇಕು. ಯಾವಾಗಲೂ ಕರೆಂಟ್ ಇರುವ ಸೈಟಿಗೇ ಹೋಗುವವರಿಗೆ ಲಿಥಿಯಂ ದಂಡ. ಹೊಲದ ಮೂಲೆಯಲ್ಲಿ ಐದೇ ಕ್ಯಾರವಾನ್‌ಗಳಿಗೆ ಜಾಗ ಕೊಡುವ ಪುಟ್ಟ ಸೈಟ್‌ಗಳನ್ನು ಇಷ್ಟಪಡುವವರಿಗೆ ಲಿಥಿಯಂ ಮತ್ತು ನೂರು ವ್ಯಾಟಿನ ಸೋಲಾರ್ ಒಳ್ಳೆಯ ಜೋಡಿ. ಬೇಸಿಗೆಯಲ್ಲಿ ದೀಪ, ಪಂಪು, ಫೋನಿಗೆ ಸಾಕು. ಡಿಸೆಂಬರಿನಲ್ಲಿ ಅದರಿಂದ ಏನನ್ನೂ ನಿರೀಕ್ಷಿಸಬೇಡಿ.

ಮಿಕ್ಸಿ ಓಡುತ್ತದೆಯೇ? ಸೈಟಿನ ನೀಲಿ ಪ್ಲಗ್ 10 ಆಂಪಿಯರ್ ಇದ್ದರೆ 2,300 ವ್ಯಾಟ್, 16 ಇದ್ದರೆ 3,680. 750 ವ್ಯಾಟಿನ ಮಿಕ್ಸಿಗೆ ಧಾರಾಳ. ಟ್ರಿಪ್ ಆಗುವುದು ಎರಡು ಕಿಲೋವ್ಯಾಟಿನಲ್ಲಿ ಹೀಟರ್ ಉರಿಯುತ್ತಿರುವಾಗ ಮನೆಯಿಂದ ತಂದ ಮೂರು ಕಿಲೋವ್ಯಾಟ್ ಕೆಟಲ್ ಹಾಕಿದಾಗ. ಬೇಕಾದರೆ ಕಡಿಮೆ ವ್ಯಾಟಿನ ಕೆಟಲ್ ಕೊಳ್ಳಿ, ಕಾಫಿ ಐದು ನಿಮಿಷ ತಡವಾಗುತ್ತದೆ. ಇನ್ವರ್ಟರ್ ಹಾಕಿ ಬ್ಯಾಟರಿಯಿಂದ ಚಟ್ನಿ ರುಬ್ಬುತ್ತೇನೆ ಎಂದರೆ 12 ವೋಲ್ಟಿನಲ್ಲಿ 60 ಆಂಪಿಯರಿಗೂ ಮಿಕ್ಕಿ ಎಳೆಯುತ್ತದೆ. ಸೀಸದ ಬ್ಯಾಟರಿಗೆ ಅದು ಹಿಂಸೆ.

ಅಡುಗೆಯ ಮಟ್ಟಿಗೆ ನನ್ನ ಆಯ್ಕೆ ಹೊರಗಿನ ಗ್ಯಾಸ್ ಪಾಯಿಂಟ್. ಬಹಳ ಬ್ರಿಟಿಷ್ ಕ್ಯಾರವಾನ್‌ಗಳ ಪಕ್ಕದ ಗೋಡೆಯಲ್ಲಿ ಬಾರ್ಬೆಕ್ಯೂಗೆಂದು ಇರುತ್ತದೆ, ಇಲ್ಲದಿದ್ದರೆ ಅರ್ಹ ಗ್ಯಾಸ್ ಎಂಜಿನಿಯರ್ ಕೈಲಿ ಹಾಕಿಸಬಹುದು. ಕುಕ್ಕರ್ ಕೂಗುವುದು, ಒಗ್ಗರಣೆ ಸಿಡಿಯುವುದು ಬಯಲಲ್ಲಿ ಆದರೆ ಒಳಗೆ ಆವಿ ಕೂರುವುದಿಲ್ಲ, ಸೋಫಾ ಬಟ್ಟೆಗೆ ಇಂಗಿನ ವಾಸನೆ ಅಂಟುವುದಿಲ್ಲ. ಮುಚ್ಚಿದ ಆನಿಂಗ್ ಒಳಗೆ ಮಾತ್ರ ಉರಿ ಹಚ್ಚಬೇಡಿ, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಕ್ಯಾರವಾನ್ ಒಳಗೆ ಅದರ ಅಲಾರಂ ಇರಲೇಬೇಕು. ಚಳಿ ಬರುತ್ತದೆಂದು ನೆಲದ ಗಾಳಿಕಿಂಡಿಗಳನ್ನು ಬಟ್ಟೆ ತುರುಕಿ ಮುಚ್ಚಲೂಬಾರದು. ಗ್ಯಾಸ್ ಸೋರಿದರೆ ಹೊರಗೆ ಹೋಗುವ ದಾರಿ ಅದೇ.

ಗ್ಯಾಸಿನಲ್ಲಿ ಕೆಂಪು ಸಿಲಿಂಡರಿನ ಪ್ರೋಪೇನ್ ಕೊಳ್ಳಿ. ನೀಲಿಯ ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರ ಬಂದರೆ ಆವಿಯಾಗುವುದೇ ಇಲ್ಲ, ಈಸ್ಟರ್ ರಜೆಯ ಬೆಳಗಿನ ಜಾವ ಒಲೆ ಹತ್ತುವುದಿಲ್ಲ. ಬಿಸಿಯ ವ್ಯವಸ್ಥೆಯಲ್ಲಿ ಟ್ರೂಮಾದ ಬಿಸಿಗಾಳಿ ಬೇಗ ಬೆಚ್ಚಗಾಗಿಸುತ್ತದೆ, ಹಗುರ, ಸದ್ದು ಇದೆ. ಆಲ್ಡೆಯ ರೇಡಿಯೇಟರ್ ನಿಧಾನ, ಸಮವಾಗಿ ಬೆಚ್ಚಗಿಡುತ್ತದೆ, ತೂಕ ಹೆಚ್ಚು, ಕೆಲವು ವರ್ಷಗಳಿಗೊಮ್ಮೆ ಒಳಗಿನ ದ್ರವ ಬದಲಿಸಬೇಕು. ಏಪ್ರಿಲಿನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಹೊರಡುವವರು ಆಲ್ಡೆಗೆಂದು ಹೆಚ್ಚು ಕೊಡುವುದು ವ್ಯರ್ಥ.

ಇದೆಲ್ಲಕ್ಕೂ ಮುಂಚೆ ಮನೆಯ ಪತ್ರ ಒಮ್ಮೆ ತೆಗೆದು ನೋಡಿ. ಹೊಸ ಬಡಾವಣೆಗಳಲ್ಲಿ ಮನೆ ಮುಂದೆ ಕ್ಯಾರವಾನ್ ನಿಲ್ಲಿಸಬಾರದು ಎಂಬ ಷರತ್ತು ಬಹಳ ಕಡೆ ಇರುತ್ತದೆ. ಹಾಗಿದ್ದರೆ ಸ್ಟೋರೇಜ್ ಬಾಡಿಗೆಯೂ ಲೆಕ್ಕಕ್ಕೆ ಸೇರಬೇಕು. ಇಂಥ ಸ್ಟೋರೇಜ್ ಜಾಗಗಳ ಮಾಲೀಕರ ಸಂಘವಾದ ಕ್ಯಾಸೋವಾ ಚಿನ್ನದ ದರ್ಜೆ ಕೊಟ್ಟ ಜಾಗದಲ್ಲಿ ಇಟ್ಟರೆ ಕೆಲವು ವಿಮಾ ಕಂಪನಿಗಳು ಕಂತಿನಲ್ಲಿ ರಿಯಾಯಿತಿ ಕೊಡುತ್ತವೆ. ಕಾರಿನ ವಿಮೆ ಎಳೆಯುವಾಗ ಮೂರನೆಯವರಿಗೆ ಆಗುವ ಹಾನಿಯನ್ನು ಸಾಮಾನ್ಯವಾಗಿ ಭರಿಸುತ್ತದೆ, ಕ್ಯಾರವಾನಿನ ಕಳ್ಳತನ ಮತ್ತು ಹಾನಿಗೆ ಬೇರೆಯೇ ವಿಮೆ ಬೇಕು. ಅದರ ಷರತ್ತಿನಲ್ಲಿ ಹಿಚ್ ಲಾಕ್, ವೀಲ್ ಲಾಕ್ ಎಂದು ಬರೆದಿದ್ದರೆ ಒಂದು ರಾತ್ರಿಯ ಸೈಟಿನಲ್ಲೂ ಎರಡನ್ನೂ ಹಾಕಿ, ಕೊಂಡ ರಸೀದಿ ಮನೆಯಲ್ಲಿ ಜೋಪಾನವಾಗಿಡಿ.